ಮೈಕ್ ಹಿಡಿಯುವ ಮುಂಚೆ ಒಂದು ತಾಳಮದ್ದಳೆ ಕೇಳಿ

ನಮ್ಮಲ್ಲಿ ಯಾರನ್ನಾದರೂ ವೇದಿಕೆಗೆ ಕರೆಯುವಾಗ ‘ಎರಡು ಮಾತಾಡಿ’ ಅಂತಲೇ ಕರೆಯುತ್ತಾರೆ. ಎದ್ದು ಬಂದವರೂ ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಅಂತಲೇ ಶುರು ಮಾಡುತ್ತಾರೆ. ಆಮೇಲೆ ಮುಕ್ಕಾಲು ಗಂಟೆ. ಹಿಂದಿನ ಸಾಲಿನವರು ಮೊಬೈಲ್ ತೆಗೆದಿರುತ್ತಾರೆ, ಮಧ್ಯದವರು ಊಟಕ್ಕೆ ಏನೇನಿದೆ ಅಂತ ವಿಚಾರಿಸುತ್ತಿರುತ್ತಾರೆ, ಎದುರಿನ ಸಾಲಿನವರು ಮಾತ್ರ ಫೋಟೋದಲ್ಲಿ ಸಿಕ್ಕಿಬೀಳುತ್ತೇವಲ್ಲಾ ಅಂತ ನೆಟ್ಟಗೆ ಕೂತಿರುತ್ತಾರೆ.

ಚೆನ್ನಾಗಿ ಮಾತಾಡೋದು ಹೇಗೆ ಕಲಿಯೋದು ಅಂತ ಯಾರಾದರೂ ಕೇಳಿದರೆ, ಒಂದು ಒಳ್ಳೆಯ ತಾಳಮದ್ದಳೆ ಕೇಳಿಕೊಂಡು ಬನ್ನಿ ಅನ್ನುತ್ತೇನೆ. ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರಿಗೆ ಬೇಕಿರುವುದು ಸೋಮವಾರದ ಪ್ರೆಸೆಂಟೇಶನ್‌ಗೆ ನಾಲ್ಕು ಟಿಪ್ಸ್. ನಾನು ಪುತ್ತೂರು ಕಡೆಯವನು, ಊರಿನ ಮೇಲಿನ ಪಕ್ಷಪಾತ ಇದ್ದೇ ಇದೆ. ಆದರೂ ತಮಾಷೆಗೆ ಹೇಳುತ್ತಿಲ್ಲ. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಎದ್ದು ನಿಲ್ಲದೆ, ವೇಷ ಕಟ್ಟದೆ, ಕುಣಿಯದೆ, ಬರೀ ಮಾತಿನಿಂದ ಜನರನ್ನು ಗಂಟೆಗಟ್ಟಲೆ ಕೂರಿಸುವ ಕಲೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ಇಟ್ಟುಕೊಂಡು ನಾವು ಭಾಷಣ ಕಲಿಯಲು ಅಮೆರಿಕದವರ ವಿಡಿಯೋ ನೋಡುತ್ತಾ ಕೂರುವುದು ನನಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಎರಡು ಸಾಲು. ಯಕ್ಷಗಾನದಿಂದ ಬಣ್ಣ, ವೇಷ, ಕುಣಿತ ತೆಗೆದುಬಿಟ್ಟರೆ ಉಳಿಯುವುದು ತಾಳಮದ್ದಳೆ. ಹಾಡುಗಾರರಾದ ಭಾಗವತರು ಪ್ರಸಂಗದ, ಅಂದರೆ ಪದ್ಯದಲ್ಲಿ ಬರೆದ ಕಥೆಯ, ಒಂದು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ. ಎದುರುಬದುರು ಕೂತ ಅರ್ಥಧಾರಿಗಳು, ಪಂಚೆ ಶಾಲಿನಲ್ಲಿ, ರಾಮನಾಗಿ ವಾಲಿಯಾಗಿ ಕೃಷ್ಣನಾಗಿ ಕೌರವನಾಗಿ ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಮಾತ್ರ ಬರೆದಿಟ್ಟದ್ದು. ಮಾತು ಆ ಕ್ಷಣದ್ದು. ನಿನ್ನೆ ಹೇಳಿದ್ದು ಇವತ್ತು ಇರುವುದಿಲ್ಲ, ಎದುರಿಗೆ ಕೂತವರು ಬದಲಾದರೆ ಇಡೀ ಪ್ರಸಂಗವೇ ಬೇರೆ ಆಗಿಬಿಡುತ್ತದೆ. ಯಕ್ಷಗಾನದ ತಂಡಗಳಾದ ಮೇಳಗಳು ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ಮಳೆಗಾಲ ಪೂರ್ತಿ ಇದರದ್ದೇ ಕಾಲ.

ಈಗ ವಾಲಿ ಮೋಕ್ಷ ಪ್ರಸಂಗವನ್ನೇ ತೆಗೆದುಕೊಳ್ಳಿ. ವಾಲಿ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಬಾಣ ಬಿದ್ದ ಮೇಲೆ ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನಿನ್ನ ಊರಿಗೆ ನಾನೇನು ಅನ್ಯಾಯ ಮಾಡಿದ್ದೆ?’ ಅಂತ ಕೇಳುತ್ತಾನೆ ಅನ್ನುವುದೂ ಗೊತ್ತು. ರಾಮ ಏನು ಉತ್ತರ ಕೊಡುತ್ತಾನೆ ಅನ್ನುವುದೂ ಗೊತ್ತು. ಆದರೂ ಜನ ಮಧ್ಯರಾತ್ರಿವರೆಗೆ ಕೂರುತ್ತಾರೆ. ಯಾಕೆ? ಇವತ್ತಿನ ವಾಲಿ ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾನೆ, ಇವತ್ತಿನ ರಾಮ ಅದನ್ನು ಹೇಗೆ ತಡೆದುಕೊಳ್ಳುತ್ತಾನೆ, ಅದು ಯಾರಿಗೂ ಗೊತ್ತಿಲ್ಲ. ಹೇಳುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ ಆದರೆ ಪ್ರೇಕ್ಷಕರೇ ವಾಲಿಯ ಪಕ್ಷ ಸೇರಿಬಿಡುತ್ತಿದ್ದರು ಅಂತ ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. ರಾಮನ ವಿರುದ್ಧ, ದೇವಸ್ಥಾನದ ಅಂಗಳದಲ್ಲಿ ಕೂತು!

ಆದ್ದರಿಂದ ‘ನನ್ನ ಹತ್ತಿರ ಹೊಸ ವಿಷಯ ಏನೂ ಇಲ್ಲ, ಎಲ್ಲರಿಗೂ ಗೊತ್ತಿರೋದೇ’ ಅಂತ ಹೆದರುವವರಿಗೆ ನನ್ನ ಉತ್ತರ ಇಷ್ಟೇ. ಕೇಳುವವರು ಬರೀ ಹೊಸ ವಿಷಯಕ್ಕೆ ಕೂರುವುದಿಲ್ಲ. ಮಾಹಿತಿ ಬೇಕಾದರೆ ಅವರಿಗೆ ಮೊಬೈಲ್ ಇದೆ. ಒಬ್ಬ ಮನುಷ್ಯ ತಮ್ಮ ಎದುರಿಗೇ ಯೋಚನೆ ಮಾಡುತ್ತಾ ಮಾತಾಡುವುದನ್ನು ನೋಡಲು ಕೂರುತ್ತಾರೆ. ಬರೆದು ತಂದು ಓದುವವರು ಸೋಲುವುದು ಇಲ್ಲೇ. ಅವರು ಯೋಚನೆ ಮಾಡಿದ್ದು ನಿನ್ನೆ ರಾತ್ರಿ ಮನೆಯಲ್ಲಿ, ಸಭೆಗೆ ತಂದದ್ದು ಅದರ ಜೆರಾಕ್ಸ್.

ಬಾಯಿಪಾಠವೂ ಅಷ್ಟೇ. ಶಾಲೆಯಲ್ಲಿ ಆಗಸ್ಟ್ 15ಕ್ಕೆ ಭಾಷಣ ಬರೆದುಕೊಟ್ಟು ಉರು ಹೊಡೆಸುತ್ತಾರಲ್ಲ, ಆ ಅಭ್ಯಾಸ ದೊಡ್ಡವರಾದ ಮೇಲೂ ಹೋಗುವುದಿಲ್ಲ. ಮಗು ‘ಪೂಜ್ಯ ಗುರುಗಳೇ, ನನ್ನ ನೆಚ್ಚಿನ ಸಹಪಾಠಿಗಳೇ’ ಅಂತ ಒಂದೇ ಉಸಿರಿಗೆ ಓಡುತ್ತದೆ, ಮಧ್ಯೆ ಒಂದು ಪದ ತಪ್ಪಿತು ಅಂದರೆ ಮತ್ತೆ ‘ಪೂಜ್ಯ ಗುರುಗಳೇ’ಗೇ ವಾಪಸ್. ಅರ್ಥಧಾರಿಗಳು ಹಾಗೆ ಮಾಡುವುದಿಲ್ಲ. ಅವರ ತಲೆಯಲ್ಲಿರುವುದು ಪದ್ಯಗಳ ಸಾಲು. ಈ ಪದ್ಯ, ಆಮೇಲೆ ಆ ಪದ್ಯ. ಎರಡು ಪದ್ಯದ ನಡುವೆ ಎಷ್ಟು ದೂರ ಬೇಕಾದರೂ ಅಲೆದಾಡಬಹುದು, ಕೊನೆಗೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುವಂತೆ ಮಾತನ್ನು ತಂದು ನಿಲ್ಲಿಸಬೇಕು. ಎಲ್ಲಿ ಇಳಿಯಬೇಕು ಅಂತ ಗೊತ್ತಿದ್ದವನಿಗೆ ದಾರಿ ತಪ್ಪುವ ಭಯ ಇರುವುದಿಲ್ಲ.

ನಾನು ಮಾತಾಡಲು ಹೋಗುವಾಗ ಇದನ್ನೇ ಮಾಡುತ್ತೇನೆ. ಮೊದಲ ವಾಕ್ಯ ಪೂರ್ತಿ ಬರೆಯುತ್ತೇನೆ. ಕೊನೆಯ ವಾಕ್ಯ ಪೂರ್ತಿ ಬರೆಯುತ್ತೇನೆ. ನಡುವೆ ನಾಲ್ಕೋ ಐದೋ ಪದ, ಒಂದೊಂದು ಪದವೂ ಒಂದು ಪದ್ಯ ಇದ್ದಂತೆ. ಅಷ್ಟೇ ಚೀಟಿ. ಆ ಚೀಟಿ ತೆಳು ಹಾಳೆ ಆಗಿರಬಾರದು ಅನ್ನುವುದು ನೆನಪಿರಲಿ, ಕೈ ಸ್ವಲ್ಪ ನಡುಗಿದರೂ ಹಾಳೆ ಪಟಪಟ ಅಂತ ಅದನ್ನು ಇಡೀ ಊರಿಗೆ ತೋರಿಸುತ್ತದೆ. ಹಳೆಯ ಲಗ್ನಪತ್ರಿಕೆಯ ಹಿಂಬದಿ ಒಳ್ಳೆಯದು, ದಪ್ಪ ಇರುತ್ತದೆ.

ತಾಳಮದ್ದಳೆಯಲ್ಲಿ ಪಾತ್ರ ಮೊದಲು ಮಾತು ಶುರು ಮಾಡುವುದಕ್ಕೆ ಪೀಠಿಕೆ ಅನ್ನುತ್ತಾರೆ. ದೊಡ್ಡ ದೊಡ್ಡವರ ಪೀಠಿಕೆ ಕೇಳುವುದಕ್ಕೇ ಜನ ಬರುತ್ತಾರೆ. ಅಲ್ಲಿ ‘ನಾನು ಭೀಷ್ಮ, ನನ್ನ ಕಥೆ ಹೀಗಿದೆ’ ಅನ್ನುವ ಪರಿಚಯಕ್ಕೆ ಬೆಲೆ ಇಲ್ಲ. ಈ ಪಾತ್ರದ ಮನಸ್ಸನ್ನು ಈಗ ಕಾಡುತ್ತಿರುವುದು ಏನು, ಅದು ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ. ನಮ್ಮ ಸಭೆಗಳಲ್ಲಿ ಪೀಠಿಕೆ ಅಂದರೆ ಏನು? ‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಶುರುವಾಗಿ, ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಹಾಲಿ ಸದಸ್ಯರು, ಮಾಜಿ ಸದಸ್ಯರು, ಕೊನೆಗೆ ‘ಪತ್ರಿಕಾ ಮಾಧ್ಯಮದ ಮಿತ್ರರೇ’. ಇದೇ ಪಟ್ಟಿಯನ್ನು ಸ್ವಾಗತ ಮಾಡಿದವರು ಒಮ್ಮೆ ಹೇಳಿರುತ್ತಾರೆ, ಪ್ರಾಸ್ತಾವಿಕದವರು ಇನ್ನೊಮ್ಮೆ, ನಂತರ ಬಂದ ಪ್ರತಿಯೊಬ್ಬರೂ ಮತ್ತೊಮ್ಮೆ. ಒಂದು ಹೆಸರು ಬಿಟ್ಟುಹೋದರೆ ಬೇಜಾರು ಅನ್ನುವುದು ನನಗೂ ಗೊತ್ತು, ನಮ್ಮೂರುಗಳಲ್ಲಿ ಅದಕ್ಕೇ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಹಾಗಾಗಿ ಪೂರ್ತಿ ಬಿಡಿ ಅಂತ ಹೇಳಲಾರೆ. ‘ವೇದಿಕೆಯಲ್ಲಿರುವ ಎಲ್ಲಾ ಹಿರಿಯರಿಗೆ, ಎದುರಿಗಿರುವ ನಿಮಗೆಲ್ಲ ನಮಸ್ಕಾರ’ ಅಂತ ಕೈ ಮುಗಿದು, ಒಂದು ಕ್ಷಣ ಸುಮ್ನೆ ನಿಂತು, ನೇರ ವಿಷಯಕ್ಕೆ ಬನ್ನಿ. ಇಡೀ ಪಟ್ಟಿ ಓದುವುದು ಅನಿವಾರ್ಯವಾದರೆ ಮೊದಲು ಒಂದು ಒಳ್ಳೆಯ ಮಾತು ಹೇಳಿ, ಸಭೆ ನಿಮ್ಮ ಕಡೆ ತಿರುಗಿದ ಮೇಲೆ ಪಟ್ಟಿಗೆ ಹೋಗಿ.

ಭಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಎಲ್ಲರಿಗೂ. ಓಡಲು ತಯಾರಾದ ದೇಹವನ್ನು ಒಂದು ಕಡೆ ನಿಲ್ಲಿಸಿ ಮಾತಾಡು ಅಂದರೆ ಹಾಗೇ ಆಗುತ್ತದೆ. ಮೊದಲ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತದೆ, ಅದಕ್ಕೇ ಮೊದಲ ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಂತೆ ಇರಬೇಕು.

ಭಯಕ್ಕೆ ಗಾಂಧೀಜಿಯವರಷ್ಟು ದೊಡ್ಡ ಉದಾಹರಣೆ ಇಲ್ಲ. ಲಂಡನ್‌ನಲ್ಲಿ ಓದುವಾಗ ಅವರು ಸಸ್ಯಾಹಾರಿಗಳ ಸಂಘದ ಸಮಿತಿಯಲ್ಲಿದ್ದರು. ಬಾಯಿ ಬಿಡಲು ಆಗುತ್ತಿರಲಿಲ್ಲ. ಬರೆದುಕೊಂಡು ಹೋದದ್ದನ್ನೂ ಓದಲಾಗದೆ ಇನ್ನೊಬ್ಬರ ಕೈಯಲ್ಲಿ ಓದಿಸಿದ್ದಾರೆ. ಬ್ಯಾರಿಸ್ಟರ್ ಆಗಿ ಬಂದು ಬೊಂಬಾಯಿಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತರೆ ತಲೆ ಸುತ್ತಿ, ಪ್ರಶ್ನೆಯೇ ಹೊಳೆಯದೆ ಕೂತುಬಿಟ್ಟರು. ಇದನ್ನೆಲ್ಲ ಅವರೇ ಬರೆದುಕೊಂಡಿದ್ದಾರೆ. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯ ಹೇಳುವುದರ ಬಗ್ಗೆ ಮಾತಾಡುತ್ತಾರೆ, ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅಂತ ಅದನ್ನೇ ಕರೆಯುತ್ತಾರೆ. ನಡುವೆ ಏನಾಯಿತು? ಭಾಷಣದ ಕೋರ್ಸ್ ಏನೂ ಮಾಡಲಿಲ್ಲ. ನನಗೆ ಅನ್ನಿಸುವುದು, ಲಂಡನ್ನಿನಲ್ಲಿ ಅವರು ಮಾತಾಡಬೇಕಲ್ಲ ಅಂತ ಮಾತಾಡಲು ಹೊರಟಿದ್ದರು, ಪ್ರಿಟೋರಿಯಾದಲ್ಲಿ ಹೇಳಲೇಬೇಕಾದದ್ದು ಇತ್ತು ಮತ್ತು ಯಾರಿಗೆ ಹೇಳಬೇಕು ಅನ್ನುವುದೂ ಗೊತ್ತಿತ್ತು. ತುಂಬಾ ಜನರ ಸಭಾಕಂಪನ ವಾಸಿಯಾಗುವುದು ಹೀಗೇ.

ಈಗ ಕೈಗೆ ಸಿಗುವ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಮಾತಾಡುವವರಿಗೆ ಒಂದು ತೊಂದರೆ ಇದೆ, ಇದನ್ನು ಇಂಗ್ಲಿಷ್ ಟ್ರೇನರ್‌ಗಳು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಕ್ರಿಯಾಪದ ಇರುವುದು ವಾಕ್ಯದ ಕೊನೆಯಲ್ಲಿ. ‘ಮಾಡಬೇಕು’ ಅಂದದ್ದೋ ‘ಮಾಡಬಾರದು’ ಅಂದದ್ದೋ, ‘ಬರುತ್ತಾರೆ’ ಅಂದದ್ದೋ ‘ಬರುವುದಿಲ್ಲ’ ಅಂದದ್ದೋ, ಎಲ್ಲಾ ತೀರ್ಮಾನ ಆಗುವುದು ಕೊನೆಯ ಎರಡು ಅಕ್ಷರದಲ್ಲಿ. ಮಾತಾಡುವವರ ಉಸಿರು ಮುಗಿಯುವುದೂ ಅಲ್ಲೇ. ವಾಕ್ಯ ಜೋರಾಗಿ ಎತ್ತಿಕೊಂಡು ಕೊನೆಗೆ ಬರುವಾಗ ದನಿ ಗಂಟಲೊಳಗೇ ಉಳಿದುಬಿಡುತ್ತದೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ‘ನಮ್ಮ ಸಂಘದ ಹಣವನ್ನು ಅಧ್ಯಕ್ಷರು ವೈಯಕ್ತಿಕವಾಗಿ ಬಳಸಿ...’ ತನಕ ಚೆನ್ನಾಗಿ ಕೇಳಿಸಿ, ಮುಂದಿನದು ಕೇಳದಿದ್ದರೆ ಏನಾಗಬಹುದು ಯೋಚಿಸಿ! ನಿಮ್ಮ ಮಾತನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಬರೀ ವಾಕ್ಯದ ಕೊನೆಗಳನ್ನು ಕೇಳಿಸಿಕೊಳ್ಳಿ. ಬೇರೆ ಏನೂ ಬೇಡ. ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ವಾಕ್ಯ ಚಿಕ್ಕದಾದರೆ ಕೊನೆಯವರೆಗೂ ಉಸಿರು ಉಳಿಯುತ್ತದೆ, ಬರಹದಲ್ಲಿ ನಾನು ಎಷ್ಟೇ ಉದ್ದ ಎಳೆದರೂ ಮೈಕ್ ಮುಂದೆ ಉದ್ದ ವಾಕ್ಯ ಹೇಳಲು ಹೋಗುವುದಿಲ್ಲ.

ಅದೇ ರೆಕಾರ್ಡಿಂಗ್ ಇನ್ನೊಮ್ಮೆ ಕೇಳಿ. ಈ ಸಲ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಆಕ್ಚುಯಲಿ’, ‘ಸೋ’ ಎಣಿಸಿ. ವೇದಿಕೆ ಹತ್ತಿದ ಕೂಡಲೇ ಅಂಟಿಕೊಳ್ಳುವ ಇನ್ನೊಂದು ರೋಗ ‘ತಕ್ಕಂಥ’. ಮಾಡತಕ್ಕಂಥ, ಆಗತಕ್ಕಂಥ, ಇರತಕ್ಕಂಥದ್ದು, ಬಂದಿರತಕ್ಕಂಥ ತಮಗೆಲ್ಲರಿಗೂ. ಮನೆಯಲ್ಲಿ ಹೆಂಡತಿಗೆ ಯಾರಾದರೂ ‘ನೀನು ಮಾಡಿರತಕ್ಕಂಥ ಸಾರು’ ಅನ್ನುತ್ತಾರಾ? ಮುಂದಿನ ಪದ ಹುಡುಕಲು ಸಿಗುವ ಅರ್ಧ ಸೆಕೆಂಡಿಗಾಗಿ ನಾವು ಇವನ್ನೆಲ್ಲ ತುಂಬಿಸುತ್ತೇವೆ. ಆ ಅರ್ಧ ಸೆಕೆಂಡ್ ಸುಮ್ಮನಿದ್ದರೆ ಸಭಿಕರಿಗೆ ನೀವು ಯೋಚಿಸುತ್ತಿದ್ದೀರಿ ಅನ್ನಿಸುತ್ತದೆ, ತಡವರಿಸುತ್ತಿದ್ದೀರಿ ಅನ್ನಿಸುವುದಿಲ್ಲ. ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಈ ‘ಆ’, ‘ಉಂ’ಗಳನ್ನು ಎಣಿಸುವುದಕ್ಕೇ ಒಬ್ಬರನ್ನು ಕೂರಿಸುತ್ತಾರೆ, ಸಮಯಕ್ಕೆ ಹಸಿರು ಹಳದಿ ಕೆಂಪು ತೋರಿಸುತ್ತಾರೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದು, ಬೆಂಗಳೂರಿನ ಕಂಪನಿಗಳಲ್ಲೂ ಇದೆ. ಹೆದರುವವರಿಗೆ ಒಳ್ಳೆಯ ಜಾಗ, ಹೋಗಿ. ನನ್ನ ತಕರಾರು ಒಂದೇ, ಕೆಲವು ವರ್ಷ ಅಲ್ಲೇ ಇದ್ದರೆ ಎಲ್ಲರೂ ಒಂದೇ ಥರ ಕೈ ಬೀಸಿ, ಒಂದೇ ಥರ ನಿಲ್ಲಿಸಿ, ಒಂದೇ ಥರ ನಗುತ್ತಾರೆ.

ಮೈಕ್ ಬಗ್ಗೆ ಯಾರೂ ಹೇಳಿಕೊಡದ ಸಣ್ಣ ಸಂಗತಿಗಳು ಕೆಲವಿವೆ. ಮೈಕನ್ನು ತುಟಿಯ ನೇರಕ್ಕೆ ಹಿಡಿದರೆ ಪ, ಫ, ಬ, ಭ ಬಂದಾಗೆಲ್ಲ ಗಾಳಿ ಹೊಡೆದು ‘ಡಬ್ ಡಬ್’ ಅನ್ನುತ್ತದೆ. ‘ಬಂಧು ಭಗಿನಿಯರೇ’ ಅಂದರೆ ಮುಗಿಯಿತು. ಸ್ವಲ್ಪ ಕೆಳಗೆ, ಗಲ್ಲದ ಹತ್ತಿರ ಓರೆಯಾಗಿ ಹಿಡಿಯಿರಿ. ತಲೆ ತಿರುಗಿಸಿದಾಗ ಮೈಕೂ ಜೊತೆಗೆ ತಿರುಗಬೇಕು. ಮೈಕಿನ ಜಾಲರಿ ಇರುವ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ, ಇಲ್ಲವೇ ಸ್ಪೀಕರ್ ಬಾಕ್ಸ್ ಎದುರಿಗೆ ಹೋಗಿ ನಿಂತರೆ ‘ಕುಂಯ್’ ಅಂತ ಕೂಗಿಕೊಳ್ಳುತ್ತದೆ. ಕಲ್ಯಾಣ ಮಂಟಪಗಳಲ್ಲಿ ಟೈಲ್ಸ್ ನೆಲ, ಗೋಡೆ, ಮೇಲೆ ಶೀಟು, ನೀವು ಹೇಳಿದ್ದು ಗೋಡೆಗೆ ಹೊಡೆದು ವಾಪಸ್ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಅಂಥ ಕಡೆ ನಿಧಾನ ಮಾಡುವುದು ಬಿಟ್ಟು ದಾರಿಯಿಲ್ಲ. ಖಾಲಿ ಹಾಲ್‌ನಲ್ಲಿ ಪರೀಕ್ಷೆ ಮಾಡುವಾಗ ಜಾಸ್ತಿ ಪ್ರತಿಧ್ವನಿ ಬಂದರೆ ಗಾಬರಿ ಬೇಡ, ಜನ ತುಂಬಿದ ಮೇಲೆ ಸ್ವಲ್ಪ ಕಮ್ಮಿ ಆಗುತ್ತದೆ. ಮತ್ತೆ, ಮೈಕ್ ಸೆಟ್‌ನವರ ಹತ್ತಿರ ಮೊದಲೇ ಹೋಗಿ ಒಂದು ಮಾತು ಆಡಿರಿ. ಇಡೀ ಸಭೆಯಲ್ಲಿ ನಿಮ್ಮನ್ನು ಉಳಿಸುವ ಶಕ್ತಿ ಇರುವುದು ಅವರಿಗೆ ಮಾತ್ರ.

ಭಾಷೆಯದ್ದು ಇನ್ನೊಂದು ಗೊಂದಲ. ಮೈಕ್ ಕೈಗೆ ಬಂದ ಕೂಡಲೇ ಧಾರವಾಡದವರೂ ಮಂಡ್ಯದವರೂ ಒಂದೇ ಪಠ್ಯಪುಸ್ತಕದ ಕನ್ನಡಕ್ಕೆ ಬದಲಾಗಿಬಿಡುತ್ತಾರೆ. ಚಹಾ ಕುಡಿಯುವಾಗ ನಗಿಸಿ ನಗಿಸಿ ಸುಸ್ತು ಮಾಡಿದ ಮನುಷ್ಯ ವೇದಿಕೆ ಮೇಲೆ ಸರ್ಕಾರಿ ಸುತ್ತೋಲೆ ಥರ ಮಾತಾಡುತ್ತಾನೆ. ಅಕಾರ ಹಕಾರ ತಪ್ಪಿದರೆ ಜನ ನಗುತ್ತಾರೆ ಅನ್ನುವ ಅಳುಕು ಕೂಡ ಇದಕ್ಕೆ ಕಾರಣ, ನಕ್ಕವರದ್ದೂ ತಪ್ಪಿದೆ. ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ ಅನ್ನುತ್ತೇನೆ ನಾನು. ಹಾಗಂದರೆ ತಾಳಮದ್ದಳೆಯವರು ಅಷ್ಟು ಗ್ರಾಂಥಿಕವಾಗಿ ಮಾತಾಡುತ್ತಾರಲ್ಲ ಅಂತ ಕೇಳಬಹುದು. ನಿಜ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡುವವರು ಅಲ್ಲಿ ಕೂತು ಭಾರೀ ಕನ್ನಡ ಆಡುತ್ತಾರೆ. ಆದರೆ ಅದು ಅವರಿಗೆ ಎರವಲು ಬಟ್ಟೆಯಲ್ಲ. ಚಿಕ್ಕಂದಿನಿಂದ ಕೇಳಿ, ಪ್ರಸಂಗ ಓದಿ, ದೊಡ್ಡವರ ಪಕ್ಕ ಸಣ್ಣ ಪಾತ್ರಕ್ಕೆ ಕೂತು ಮೈಗೆ ಹತ್ತಿದ್ದು. ನಿಮಗೆ ಅಷ್ಟು ಹತ್ತಿದ್ದರೆ ಧಾರಾಳವಾಗಿ ಆಡಿ.

ಊರು ಅಂದಾಗ ಮಾಸ್ಟರ್ ಹಿರಣ್ಣಯ್ಯನವರು (1934–2019) ನೆನಪಾಗುತ್ತಾರೆ. ‘ಲಂಚಾವತಾರ’ ನಾಟಕ ಅದೇ ನಾಟಕ, ಆದರೆ ಆ ದಿನದ ರಾಜಕೀಯ, ಆಗಿನ ಮಂತ್ರಿ, ಆ ಹೊತ್ತಿನ ಸುದ್ದಿ ಎಲ್ಲಾ ಮಾತಿನ ನಡುವೆ ಬಂದುಬಿಡುತ್ತಿತ್ತು. ನೀವು ಮಾತಾಡಲು ಹೋದ ಊರಿನಲ್ಲಿ ಅರ್ಧ ಗಂಟೆ ಮೊದಲೇ ಇಳಿದು, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯಿರಿ. ಆ ಊರಿನ ರಸ್ತೆ, ನೀರು, ಜಾತ್ರೆ, ಏನಾದರೂ ಒಂದು ಕಿವಿಗೆ ಬೀಳುತ್ತದೆ. ಭಾಷಣದಲ್ಲಿ ಅದರ ಒಂದು ಪ್ರಸ್ತಾಪ ಬಂದರೂ ಸಾಕು, ಕೂತವರು ತಲೆ ಎತ್ತುತ್ತಾರೆ. ನಾಲ್ಕು ಊರಲ್ಲಿ ಹೇಳಿದ ಅದೇ ಜೋಕಿಗೆ ಈ ಶಕ್ತಿ ಇಲ್ಲ.

ಹೇಳುವುದಕ್ಕಿಂತ ಕಷ್ಟದ್ದು ಕೇಳುವುದು. ಅರ್ಥಧಾರಿ ಎದುರಿನವರು ಮಾತಾಡುವಾಗ ಸುಮ್ಮನೆ ಕೂತಿರುವಂತೆ ಕಾಣುತ್ತಾರೆ, ಆದರೆ ಕಿವಿ ಪೂರ್ತಿ ಅಲ್ಲಿರುತ್ತದೆ, ಅವರ ಕೊನೆಯ ಮಾತಿನಿಂದಲೇ ಇವರ ಮೊದಲ ಮಾತು ಹುಟ್ಟುತ್ತದೆ. ನಮ್ಮ ಸಭೆಯಲ್ಲಿ ಎದುರಾಳಿ ಇಲ್ಲ, ಸರಿ. ಆದರೆ ನಿಮಗಿಂತ ಮೊದಲು ಮಾತಾಡಿದವರು ಇದ್ದಾರೆ. ಅವರು ಹೇಳಿದ್ದರಲ್ಲಿ ಒಂದನ್ನು ಹಿಡಿದುಕೊಂಡು, ಒಪ್ಪಿಯೋ ಜಗಳ ತೆಗೆದೋ ಶುರು ಮಾಡಿ ನೋಡಿ, ಸಭೆಗೆ ಜೀವ ಬರುತ್ತದೆ. ಎದುರಿಗೆ ಕೂತವರೂ ಬಾಯಿ ಬಿಡದೆ ಮಾತಾಡುತ್ತಿರುತ್ತಾರೆ. ಕಾಲು ಬದಲಿಸುತ್ತಾರೆ, ಗಡಿಯಾರ ನೋಡುತ್ತಾರೆ, ಪಕ್ಕದವರ ಕಡೆ ವಾಲುತ್ತಾರೆ. ಅದು ಕಂಡರೆ ಚೀಟಿಯಲ್ಲಿರುವ ಒಂದು ಪದ ಹಾರಿಸಿ ಮುಂದಿನದಕ್ಕೆ ಹೋಗಿ. ನೀವು ಬಿಟ್ಟದ್ದು ಏನು ಅಂತ ಅವರಿಗೆ ಗೊತ್ತಾಗುವುದಿಲ್ಲ, ಪೂರ್ತಿ ಬರೆದುಕೊಂಡು ಬಂದವರಿಗೆ ಮಾತ್ರ ಈ ಸೌಕರ್ಯ ಇಲ್ಲ.

ತಾಳಮದ್ದಳೆಯಲ್ಲಿ ಎಲ್ಲವೂ ಒಳ್ಳೆಯದೇ ಅಂತಲ್ಲ. ಪೀಠಿಕೆ ಎಳೆದು ಎಳೆದು ಎದುರಿನವರಿಗೆ ಸಮಯವೇ ಉಳಿಸದವರಿದ್ದಾರೆ. ಪಾತ್ರದ ನೆಪದಲ್ಲಿ ಎದುರಿನ ಕಲಾವಿದರನ್ನೇ ಚುಚ್ಚುವವರಿದ್ದಾರೆ, ಆಗ ರಾಮ ವಾಲಿ ಇಬ್ಬರೂ ಎದ್ದುಹೋಗಿ ಇಬ್ಬರು ಹಠಮಾರಿ ಗಂಡಸರು ಉಳಿಯುತ್ತಾರೆ. ಅದನ್ನು ಕಲಿಯಬೇಡಿ.

ಮಾತು ಹೇಗಿರಬೇಕು ಅನ್ನುವುದಕ್ಕೆ ಒಂದು ಅಳತೆ ಬೇಕಿದ್ದರೆ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದ ಶುರುವಿಗೆ ಹೋಗಿ. ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ಮಾತಾಡುತ್ತಾನೆ. ಅವನು ಮುಗಿಸಿದ ಮೇಲೆ ರಾಮ ಲಕ್ಷ್ಮಣನ ಕಡೆ ತಿರುಗಿ ಹೇಳುವುದು ಸುಗ್ರೀವನ ವಿಷಯ ಒಂದೇ ಅಲ್ಲ, ಇವನ ಮಾತಿನ ರೀತಿಯನ್ನೂ ಬಿಡಿಸಿ ಹೇಳುತ್ತಾನೆ. ಇಷ್ಟು ಮಾತಾಡಿದರೂ ಒಂದು ತಪ್ಪು ಪದ ಬರಲಿಲ್ಲ, ಎಳೆಯಲಿಲ್ಲ, ಸಂಶಯಕ್ಕೆ ಜಾಗ ಬಿಡಲಿಲ್ಲ, ನಿಧಾನಿಸಲಿಲ್ಲ, ದನಿ ಏರಲೂ ಇಲ್ಲ ಇಳಿಯಲೂ ಇಲ್ಲ, ಮುಖದಲ್ಲಿ ಕಣ್ಣಲ್ಲಿ ಹುಬ್ಬಿನಲ್ಲಿ ಎಲ್ಲೂ ಒಂದು ದೋಷ ಕಾಣಲಿಲ್ಲ. ಇದಕ್ಕಿಂತ ಒಳ್ಳೆಯ ಫೀಡ್‌ಬ್ಯಾಕ್ ಫಾರ್ಮ್ ಯಾವ ಎಚ್‌ಆರ್ ಇಲಾಖೆಯಲ್ಲೂ ನಾನು ನೋಡಿಲ್ಲ.

ಅಭ್ಯಾಸ ಮಾಡುವಾಗ ಮನಸ್ಸಿನಲ್ಲೇ ಹೇಳಿಕೊಂಡರೆ ಉಪಯೋಗ ಇಲ್ಲ, ಎದ್ದು ನಿಂತು ಬಾಯಿ ಬಿಟ್ಟು ಹೇಳಬೇಕು. ಪ್ರತಿ ಸಲವೂ ಬೇರೆ ಪದಗಳಲ್ಲಿ ಹೇಳಿ, ಇಲ್ಲದಿದ್ದರೆ ಗೊತ್ತಿಲ್ಲದೆ ಬಾಯಿಪಾಠ ಆಗಿಬಿಡುತ್ತದೆ. ಹತ್ತು ನಿಮಿಷ ಕೊಟ್ಟಿದ್ದರೆ ಏಳು ನಿಮಿಷಕ್ಕೆ ತಯಾರಾಗಿ. ಕಾರ್ಯಕ್ರಮ ಹೇಗಿದ್ದರೂ ತಡವಾಗಿರುತ್ತದೆ, ‘ಬೇಗ ಮುಗಿಸಿ’ ಅನ್ನುವ ಚೀಟಿ ಬಂದೇ ಬರುತ್ತದೆ. ಚೀಟಿ ಬಂದಾಗ ‘ಸಮಯದ ಅಭಾವದಿಂದ’ ಅಂತ ಇನ್ನೂ ಎರಡು ನಿಮಿಷ ತಿನ್ನಬೇಡಿ. ಬರೆದಿಟ್ಟ ಕೊನೆಯ ವಾಕ್ಯ ಇದೆಯಲ್ಲ, ಅದನ್ನು ಹೇಳಿ ಕೂತುಬಿಡಿ.

ಮೊದಲ ಸಲ ತಾಳಮದ್ದಳೆ ಕೇಳುವವರು ಕೃಷ್ಣ ಸಂಧಾನ ಅಥವಾ ವಾಲಿ ಮೋಕ್ಷದಿಂದ ಶುರು ಮಾಡಿ, ಕಥೆ ಗೊತ್ತಿರುವುದರಿಂದ ಮಾತಿನ ಕಡೆ ಗಮನ ಕೊಡಬಹುದು. ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಶಿರಸಿ ಕಡೆ ಹೋದರೆ ಯಾವುದಾದರೂ ದೇವಸ್ಥಾನದಲ್ಲೋ ಸಭಾಭವನದಲ್ಲೋ ನಡೆಯುತ್ತಿರುತ್ತದೆ, ಬಹಳ ಕಡೆ ಟಿಕೆಟ್ ಕೂಡ ಇರುವುದಿಲ್ಲ. ಹೋಗಲಾಗದವರಿಗೆ ಯೂಟ್ಯೂಬ್ ಇದೆ. ಶೇಣಿಯವರ ಹಳೆಯ ಕ್ಯಾಸೆಟ್‌ಗಳನ್ನು ಯಾರೋ ಪುಣ್ಯಾತ್ಮರು ಅಲ್ಲಿಗೆ ಹಾಕಿದ್ದಾರೆ, ಸದ್ದು ಸ್ವಲ್ಪ ಗರಗರ ಅನ್ನುತ್ತದೆ, ಇಯರ್‌ಫೋನ್ ಹಾಕಿಕೊಂಡು ಕೇಳಿ.